ಮೊದಲು ಡಿಕಾಕ್ಷನ್‌ಗೆ ಇಡಿ
ಟೆಕ್ಟ್ರಾನಿಕ್ಸ್ ಸಿಎ ಮಾದರಿಯ ವಾಲ್ವ್ ಪ್ಲಗ್-ಇನ್: ಬಳಕೆ, ಆರೈಕೆ ಮತ್ತು ಸಹಬಾಳ್ವೆಯ ಕೈಪಿಡಿ

ಭಾಗ 0: ಯಾರೂ ಓದದ ಪುಟ

ಅಭಿನಂದನೆಗಳು. ನೀವೀಗ ಒಂದು ಸಿಎ ಮಾದರಿ ಪ್ಲಗ್-ಇನ್‌ನ ಒಡೆಯರು. ನೀವು ಇದನ್ನು ಹೊಸದಾಗಿ ಕೊಂಡಿಲ್ಲ ಎಂಬುದು ಈ ಕೈಪಿಡಿಗೆ ಗೊತ್ತು. ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದಿರುತ್ತೀರಿ, ಇಲ್ಲವೇ ನಿವೃತ್ತ ಮೇಷ್ಟ್ರೊಬ್ಬರ ಅಟ್ಟದಿಂದ ಇಳಿಸಿರುತ್ತೀರಿ. ಕೈಪಿಡಿ ಬರೆದವನಿಗೆ ಇದು ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ಸುಟ್ಟ ಮೋಟರುಗಳ ರಾಶಿಯ ಅಡಿಯಲ್ಲಿ. ಅಂಗಡಿಯವ ಎತ್ತಿ, ಧೂಳು ಕೊಡವಿ, ಮುಂದಿನ ಗುಂಡಿಗಳನ್ನು ಗಿರಿಗಿರಿ ತಿರುಗಿಸಿ, "ರೇಡಿಯೋ ಸಾರ್, ಫಾರಿನ್ದು" ಅಂದ. ನಾನು ಹೂಂ ಅಂದೆ. ಫಾರಿನ್ ಅಂದದ್ದು ನಿಜ, ರೇಡಿಯೋ ಅಂದದ್ದು ಸುಳ್ಳು. ಬೆಲೆ ಎರಡರ ನಡುವೆ ಎಲ್ಲೋ ನಿಂತಿತು.

ಇದನ್ನು ತೂರಿಸಲು ಬೇಕಾದ ತಾಯಿಪೆಟ್ಟಿಗೆ ನಿಮ್ಮಲ್ಲಿ ಇಲ್ಲದಿದ್ದರೆ ಭಾಗ 1 ಓದಿ, ಉಳಿದದ್ದನ್ನು ಎತ್ತಿಡಿ. ನನ್ನದು ಮೂರು ವರ್ಷ ಪುಸ್ತಕದ ಕಪಾಟಿನಲ್ಲಿ ನಿಘಂಟುಗಳು ಬೀಳದ ಹಾಗೆ ಒರಗು ಕೊಟ್ಟುಕೊಂಡು ಕೂತಿತ್ತು. ಆ ಕೆಲಸವನ್ನೂ ಚೆನ್ನಾಗಿಯೇ ಮಾಡಿತು.

ಭಾಗ 1: ಇದು ಏನು

ಆಸಿಲೋಸ್ಕೋಪು ವಿದ್ಯುತ್ತಿನ ಏರಿಳಿತವನ್ನು ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಪೆಟ್ಟಿಗೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ವೋಲ್ಟೇಜು. ಹೊರಗಿನಿಂದ ಬರುವ ಸಂಕೇತ ಪಿಸುಮಾತಿನಷ್ಟು. ಪರದೆಯ ಮೇಲಿನ ಚುಕ್ಕಿಯನ್ನು ಅಲುಗಾಡಿಸಲು ಕೂಗಬೇಕು. ಪಿಸುಮಾತನ್ನು ಕೂಗಾಗಿಸುವ ಕೆಲಸದ ಮೊದಲ ಪಾಳಿ ನಿಮ್ಮ ಕೈಯಲ್ಲಿರುವ ಈ ಪ್ಲಗ್-ಇನ್‌ನದು.

ಹೊವರ್ಡ್ ವೋಲಂ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಿಗ್ನಲ್ ಕೋರ್ ಸೇರಿ ರೇಡಾರ್ ಕೆಲಸ ಮಾಡಿ ಬಂದವರು. 1946ರಲ್ಲಿ ಜ್ಯಾಕ್ ಮರ್ಡಾಕ್ ಮುಂತಾದ ಗೆಳೆಯರೊಡನೆ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಟೆಕ್ಟ್ರಾನಿಕ್ಸ್ ಕಟ್ಟಿದರು. ಮರುವರ್ಷ ಬಂದ ಅವರ 511 ಸ್ಕೋಪಿನ ಬೆಲೆ 795 ಡಾಲರ್. ಆಮೇಲೆ ಎದುರಾದದ್ದು ಗಿರಾಕಿಗಳ ತಕರಾರು. ಒಬ್ಬನಿಗೆ ವೇಗ ಬೇಕು, ಇನ್ನೊಬ್ಬನಿಗೆ ನರದಲ್ಲಿ ಹರಿಯುವ ಮೈಕ್ರೋವೋಲ್ಟು ಕಾಣಬೇಕು, ಮತ್ತೊಬ್ಬನಿಗೆ ಎರಡು ಸಂಕೇತ ಒಟ್ಟಿಗೆ ಬೇಕು. ಎಲ್ಲರಿಗೂ ಒಂದೊಂದು ಸ್ಕೋಪು ಮಾಡಿಕೊಟ್ಟರೆ ಕೊಳ್ಳುವವರ ಜೇಬು ಹರಿಯುತ್ತದೆ. ನಮ್ಮ ಅಡುಗೆಮನೆಯ ಮಿಕ್ಸಿ ಈ ಸಮಸ್ಯೆಯನ್ನು ಹೇಗೆ ಬಗೆಹರಿಸಿದೆಯೋ, 1954ರಲ್ಲಿ ಬಂದ 530 ಸರಣಿಯೂ ಹಾಗೇ ಬಗೆಹರಿಸಿತು: ಮೋಟರು ಒಂದೇ, ಜಾರು ಹಲವು. ಚಟ್ನಿಗೊಂದು, ಹಿಟ್ಟಿಗೊಂದು, ಪುಡಿಗೊಂದು.

ಜಾರುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಹೆಸರಿಟ್ಟರು. ನಡುವೆ ಕೆಲವು ಹಲ್ಲು ಉದುರಿದಂತೆ ಅಕ್ಷರ ಬಿಟ್ಟುಹೋಗಿವೆ. ಕೆ ವೇಗದ್ದು. ಡಿ ಮಿಲಿವೋಲ್ಟಿನದು. ಇ ಇನ್ನೂ ಸೂಕ್ಷ್ಮ, 50 ಮೈಕ್ರೋವೋಲ್ಟಿಗೇ ಗೆರೆಯನ್ನು ಒಂದು ಸೆಂ.ಮೀ. ಎತ್ತುತ್ತದೆ, ಮೇಜಿನ ಮೇಲೆ ಬೆರಳು ತಟ್ಟಿದರೂ ಅದರ ವಾಲ್ವು ಗಂಟೆಯಂತೆ ನಡುಗಿ ಅದನ್ನೂ ಪರದೆಯ ಮೇಲೆ ಬರೆದುಬಿಡುತ್ತದೆ. ಕ್ಯೂ ಸೇತುವೆ-ತೊಲೆಗಳ ಸೆಳೆತ ಅಳೆಯುವವರಿಗೆ. ಓ ಇಂಟಿಗ್ರೇಷನ್ ಮಾಡುತ್ತದೆ, ಅಂದರೆ ಪಿಯುಸಿಯಲ್ಲಿ ನನ್ನಿಂದ ಆಗದ್ದನ್ನು.

ನನಗೆ ಅಸೂಯೆ ಇರುವುದು ಝಡ್ ಮೇಲೆ. ಪ್ಲಸ್ ಅಥವಾ ಮೈನಸ್ 100 ವೋಲ್ಟಿನವರೆಗೆ ಯಾವುದೇ ಮಟ್ಟವನ್ನು ಗುಂಡಿ ತಿರುಗಿಸಿ ಹಿಡಿದಿಟ್ಟು, ಅದರ ಆಚೀಚೆ ಇರುವ ಸಣ್ಣ ವ್ಯತ್ಯಾಸವನ್ನು ಮಾತ್ರ ಸೆಂ.ಮೀ.ಗೆ 0.05 ವೋಲ್ಟಿನಂತೆ ತೋರಿಸುತ್ತದೆ. ಭಾಗಿಸಿ ನೋಡಿ: 2000 ಸೆಂ.ಮೀ. ಅಂದರೆ ನಡುಗೆರೆಯಿಂದ ಮೇಲಕ್ಕೆ 20 ಮೀಟರ್, ಕೆಳಕ್ಕೆ 20 ಮೀಟರ್ ಎತ್ತರದ ಪರದೆ ಇದ್ದ ಲೆಕ್ಕ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದರೂ ಮೇಲೆ ಜಾಗ ಉಳಿಯುತ್ತದೆ. ನಿಮಗೆ ಕಾಣುವುದು ಮಾತ್ರ ನಾಲ್ಕು ಸೆಂ.ಮೀ.ಯ ಕಿಟಕಿ. ಗುಂಡಿ ತಿರುಗಿಸುತ್ತ ಗೊಮ್ಮಟನ ಬಳಿ ಹೋಗಿ ಕಿರುಬೆರಳಿನ ಉಗುರನ್ನಷ್ಟೇ ನೋಡಿ ಬರಬಹುದು.

ನಿಮ್ಮ ಸಿಎ ಇಷ್ಟೆಲ್ಲ ಗೈರತ್ತಿನದಲ್ಲ. ಎರಡು ಸಂಕೇತ ಒಟ್ಟಿಗೆ, 24 ಮೆಗಾಹರ್ಟ್ಸ್‌ವರೆಗೆ, ಸೆಂ.ಮೀ.ಗೆ 0.05 ವೋಲ್ಟಿನಿಂದ 20 ವೋಲ್ಟಿನವರೆಗೆ ಒಂಬತ್ತು ಮೆಟ್ಟಿಲು. ಸಂಸಾರಸ್ಥ ಪ್ಲಗ್-ಇನ್. ಇಡೀ ಕುಟುಂಬದಲ್ಲಿ ದಿನಬಳಕೆಗೆ ಒದಗಿದ್ದು ಇದೇ.

ಭಾಗ 2: ಜಾಗ ಮಾಡಿಕೊಡುವುದು

ತಾಯಿಪೆಟ್ಟಿಗೆ, ಅಂದರೆ 545ಎ ಸ್ಕೋಪು, ಮೂವತ್ತು ಕಿಲೋ ಆಸುಪಾಸು. ಒಬ್ಬರೇ ಎತ್ತಬೇಡಿ. ನನ್ನದು ಒಂದು ಕಾಲೇಜಿನ ಪ್ರಯೋಗಾಲಯದಿಂದ ಬಂತು. ಬದಿಯಲ್ಲಿ ಬಿಳಿ ಬಣ್ಣದಲ್ಲಿ ಸ್ಟಾಕ್ ನಂಬರು, ಅದರ ಮೇಲೆ ಕೆಂಪು ಬಣ್ಣದಲ್ಲಿ "ಕಂಡೆಮ್ಡ್" ಎಂಬ ಷರಾ. ರಿಜಿಸ್ಟರಿನಲ್ಲಿ ಅದು ಸತ್ತು ಬಹಳ ವರ್ಷವಾಗಿತ್ತು. ಆಟೋದವನು ಹಿಂದಿನ ಸೀಟು ಕುಸಿದದ್ದು ನೋಡಿ ಒಂದೂವರೆ ಮೀಟರ್ ಕೇಳಿದ, ಕೊಟ್ಟೆ.

ಮನೆಯಲ್ಲಿ ಅದನ್ನು ಎಲ್ಲಿಡುವುದು ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ಗೋಡೆಗೆ ತಾಗಿಸಬೇಡಿ, ಹಿಂದೆ ಫ್ಯಾನು ಉಸಿರಾಡಬೇಕು. ಮೇಲೆ ಬಟ್ಟೆ ಹೊದಿಸಿ ಹೂದಾನಿ ಇಡಲು ಬಿಡಬೇಡಿ. ಒಳಗೆ ಹೊತ್ತಿ ಉರಿಯುವ ವಾಲ್ವುಗಳ ಕಾವು ಅರ್ಧ ಕಿಲೋವ್ಯಾಟಿಗೆ ಹತ್ತಿರ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಕ್ಕು ತಾನಾಗಿಯೇ ಬಂದು ಮೇಲೆ ಮಲಗುತ್ತದೆ. ಗಾಳಿಯ ಕಿಂಡಿಗೆ ಅಡ್ಡವಾಗುತ್ತದೆಂದು ಎಬ್ಬಿಸಬೇಕಾಗುತ್ತದೆ, ಬೆಕ್ಕು ಒಪ್ಪುವುದಿಲ್ಲ.

ಪ್ಲಗ್-ಇನ್ ತೂರಿಸುವ ಮೊದಲು ಸ್ವಿಚ್ಚು ಆರಿಸಿ. ಹೀಗೆ ಬರೆದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮತ್ತೆ ಉರಿಯುತ್ತಿರುವಾಗಲೇ ಎಳೆಯುತ್ತಾರೆ. ಹಿಂದಿನ 16 ಪಿನ್ನಿನ ಕನೆಕ್ಟರಿನಲ್ಲಿ ಮೈನಸ್ 150, ಪ್ಲಸ್ 100, 225, 350 ವೋಲ್ಟುಗಳು ಸಾಲಾಗಿ ಕೂತಿವೆ. ಆರಿಸಿದ ಮೇಲೂ ಕಂಡೆನ್ಸರುಗಳು ಸ್ವಲ್ಪ ಹೊತ್ತು ಸಿಟ್ಟು ಇಟ್ಟುಕೊಂಡಿರುತ್ತವೆ. ಮುಚ್ಚಳ ತೆಗೆದು ಕೆಲಸ ಮಾಡುವಾಗ ಒಂದು ಕೈ ಜೇಬಿನಲ್ಲಿರಲಿ. ಇದು ಠೀವಿಗಲ್ಲ: ಎರಡೂ ಕೈ ಒಳಗಿದ್ದರೆ ಕರೆಂಟು ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ, ದಾರಿಯಲ್ಲಿ ಎದೆ ಸಿಗುತ್ತದೆ. ಚಿತ್ರನಳಿಗೆಯ ಕಡೆ 10,000 ವೋಲ್ಟು ಇದೆ. ಅಲ್ಲಿ ಜೇಬಿಗೂ ಭರವಸೆಯಿಲ್ಲ.

ಸಿಎ ಅನ್ನು ಮೆಲ್ಲಗೆ ನೂಕಿ. ಕೊನೆಯ ಬೆರಳಗಲದಲ್ಲಿ ಗಟ್ಟಿಯಾಗಿ ತಡೆದಂತಾಗಿ, ಮತ್ತೆ ಒಪ್ಪಿಕೊಂಡಂತೆ ಒಳಗೆ ಹೋಗುತ್ತದೆ. ಕೆಳಗಿನ ಗುಂಡಿಯನ್ನು ಬಿಗಿಯಿರಿ.

ಭಾಗ 3: ಚಾಲೂ ಮಾಡುವುದು

ಸ್ಕೋಪು ಹುಟ್ಟಿದ ಕಾಲದಲ್ಲಿ ಅಮೆರಿಕದ ಮನೆಕರೆಂಟು 117 ವೋಲ್ಟು. ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು 234ಕ್ಕೆ ಜೋಡಿಸಿದೆಯೇ ಎಂದು ಮೊದಲು ನೋಡಿ. ನೋಡದೆ ಸ್ವಿಚ್ಚು ಹಾಕಿದವರಿಗೆ ಕೈಪಿಡಿಯ ಮುಂದಿನ ಭಾಗಗಳ ಅಗತ್ಯ ಬೀಳುವುದಿಲ್ಲ.

ಈಗ ಅಡುಗೆಮನೆಗೆ ಹೋಗಿ. ಫಿಲ್ಟರಿನ ಮೇಲಿನ ಬಟ್ಟಲಿಗೆ ಮೂರು ಚಮಚ ಕಾಫಿಪುಡಿ ಹಾಕಿ, ಒತ್ತುತಟ್ಟೆ ಇಟ್ಟು, ಕುದಿನೀರು ಸುರಿಯಿರಿ. ಬಂದು ಸ್ಕೋಪಿನ ಸ್ವಿಚ್ಚು ಹಾಕಿ. ಫ್ಯಾನು ಗುರ್ರೆನ್ನುತ್ತದೆ, ದೀಪ ಹತ್ತುತ್ತದೆ, ಬೇರೇನೂ ಆಗುವುದಿಲ್ಲ. ಅರ್ಧ ನಿಮಿಷದ ಆಸುಪಾಸಿನಲ್ಲಿ ಒಳಗಿನಿಂದ ಖಟ್ ಎಂದು ಸದ್ದು ಬರುತ್ತದೆ. ಅದು ರಿಲೇ. ವಾಲ್ವುಗಳ ಕ್ಯಾಥೋಡು ಕೆಂಪಗೆ ಕಾಯುವ ಮೊದಲು ದೊಡ್ಡ ವೋಲ್ಟೇಜು ಮೇಲೆ ಬೀಳದ ಹಾಗೆ ಕಾದು ಕೂತ ಕಾವಲುಗಾರ. ಖಟ್ ಕೇಳಿಸದಿದ್ದರೆ ಆರಿಸಿ. ಕೇಳಿಸಿದರೆ ಇನ್ನೂ ಕಾಯಿರಿ. ಬಿಸಿಯಾದ ಬೇಕಲೈಟು, ರೋಸಿನ್ನು, ಯಾವುದೋ ದೇಶದ ಹಳೇ ಧೂಳು, ಎಲ್ಲ ಸೇರಿದ ವಾಸನೆ ಕೋಣೆ ತುಂಬುತ್ತದೆ.

ಪರದೆ ಖಾಲಿ ಇದ್ದರೆ ಗಾಬರಿ ಬೇಡ. ಗೆರೆ ಸತ್ತಿಲ್ಲ, ಚೌಕಟ್ಟಿನಾಚೆ ತಿರುಗಾಡಲು ಹೋಗಿದೆ. ಪರದೆಯ ಹತ್ತಿರ ಬಾಣದ ಗುರುತಿನ ಪುಟ್ಟ ನಿಯಾನ್ ದೀಪಗಳಿವೆ. ಯಾವುದು ಹತ್ತಿದೆಯೋ ಆ ಕಡೆ ಹೋಗಿದೆ ಎಂದರ್ಥ. ಮನೆಯಿಂದ ಹೊರಗೆ ಹೋದವರು ಎಲ್ಲಿದ್ದಾರೆಂದು ಹೇಳುವ ದೀಪ ನಮ್ಮಲ್ಲಿ ಇನ್ನೂ ಬಂದಿಲ್ಲ.

ಅಳತೆಯನ್ನು ಈಗಲೇ ನಂಬಬೇಡಿ. ವಾಲ್ವುಗಳು ಕಾದು ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಕಾಫಿ ಕುಡಿದು ಬನ್ನಿ. ಈ ಎರಡು ಕೆಲಸಗಳನ್ನು ಹಿಂದುಮುಂದು ಮಾಡಿದವರು ತಣ್ಣನೆಯ ಸ್ಕೋಪಿನ ಮುಂದೆ ಕೂತು ತಪ್ಪು ಅಳತೆ ಬರೆದುಕೊಂಡದ್ದನ್ನು ಕಂಡಿದ್ದೇನೆ, ಕನ್ನಡಿಯಲ್ಲಿ.

ಭಾಗ 4: ಡಿಸಿ ಬ್ಯಾಲೆನ್ಸ್ ಎಂಬ ವ್ರತ

ಈ ಭಾಗಕ್ಕೆ ಸಣ್ಣ ಸ್ಕ್ರೂಡ್ರೈವರು ಮತ್ತು ಮನೆಯವರಿಲ್ಲದ ಮಧ್ಯಾಹ್ನ ಬೇಕು.

ಗೆರೆಯನ್ನು ಪರದೆಯ ನಡುವೆ ತನ್ನಿ. ವೇರಿಯಬಲ್ ಎಂಬ ಕೆಂಪು ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಇನ್‌ಪುಟ್‌ಗೆ ಏನನ್ನೂ ಕೊಟ್ಟಿಲ್ಲ, ಆದ್ದರಿಂದ ಗೆರೆ ಕದಲಬಾರದು. ಕದಲುತ್ತದೆ. ಮೇಲಕ್ಕೋ ಕೆಳಕ್ಕೋ ಒಂದು ಸೆಂ.ಮೀ. ಜಾರುತ್ತದೆ. ಯಾಕೆ ಎಂದು ತಿಳಿದುಕೊಂಡರೆ ಕೈ ಸುಮ್ಮನಾಗುತ್ತದೆ, ಅದಕ್ಕಾಗಿ ಹೇಳುತ್ತೇನೆ.

ಒಳಗೆ ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ, ಎತ್ತುಗಳ ಹಾಗೆ. ಒಂದು ಎಳೆದಷ್ಟು ಇನ್ನೊಂದು ಬಿಡುತ್ತದೆ. ಗೆರೆಯ ಎತ್ತರ ಎಂದರೆ ಎರಡರ ನಡುವಿನ ವ್ಯತ್ಯಾಸ. ವೇರಿಯಬಲ್ ಗುಂಡಿಯ ರೆಸಿಸ್ಟರು ಈ ಎರಡು ವಾಲ್ವುಗಳ ಕ್ಯಾಥೋಡುಗಳ ನಡುವೆ ಸೇತುವೆಯಂತೆ ಕೂತಿದೆ. ಎರಡೂ ಕಡೆ ವೋಲ್ಟೇಜು ಸಮವಿದ್ದರೆ ಸೇತುವೆಯ ಮೇಲೆ ಯಾರೂ ಓಡಾಡುವುದಿಲ್ಲ. ಅದನ್ನು ಎಷ್ಟು ಅಗಲಿಸಿದರೂ ಕಿರಿದಾಗಿಸಿದರೂ ಗೆರೆಗೆ ಗೊತ್ತಾಗುವುದಿಲ್ಲ. ಆದರೆ ಜೋಡೆತ್ತಿನಲ್ಲಿ ಒಂದಕ್ಕೆ ವಯಸ್ಸು ಬೇಗ ಆಗುತ್ತದೆ. ಅದು ಸೋತಷ್ಟು ಸೇತುವೆಯ ಮೇಲೆ ಕರೆಂಟು ಹರಿಯುತ್ತದೆ. ಆಗ ಗುಂಡಿ ಮುಟ್ಟಿದರೆ ಗೆರೆ ಜಾರುತ್ತದೆ.

ಮುಂಫಲಕದ ಡಿಸಿ ಬ್ಯಾಲೆನ್ಸ್ ರಂಧ್ರಕ್ಕೆ ಸ್ಕ್ರೂಡ್ರೈವರು ಇಡಿ. ಕೂದಲೆಳೆಯಷ್ಟು ತಿರುಗಿಸಿ. ಗೆರೆ ಪರದೆ ಬಿಟ್ಟು ಓಡುತ್ತದೆ, ಪೊಸಿಷನ್ ಗುಂಡಿಯಿಂದ ಹಿಡಿದು ತನ್ನಿ. ಮತ್ತೆ ಕೆಂಪು ಗುಂಡಿ ತಿರುಗಿಸಿ. ಜಾರಿತೇ? ಮತ್ತೆ ಕೂದಲೆಳೆ. ಗೆರೆ ಎಲ್ಲಿ ನಿಂತಿದೆ ಎಂದು ನೋಡಬೇಡಿ, ಕದಲುತ್ತದೆಯೇ ಎಂದಷ್ಟೇ ನೋಡಿ. ಏಳನೆಯದೋ ಎಂಟನೆಯದೋ ಸುತ್ತಿನಲ್ಲಿ ಗುಂಡಿ ತಿರುಗುತ್ತದೆ, ಗೆರೆ ಎಳೆದು ಕಟ್ಟಿದ ದಾರದಂತೆ ಅಲ್ಲೇ ಇರುತ್ತದೆ. ಆಗ ಸಂತೋಷದಿಂದ ಕೂಗಬೇಡಿ. ಇಷ್ಟೂ ಆದದ್ದು ಮೊದಲ ಸಂಕೇತದ ಎ ಚಾನೆಲ್ಲಿಗೆ, ಇದೇ ಕೆಲಸ ಎರಡನೆಯದರ ಬಿ ಚಾನೆಲ್ಲಿಗೂ ಬಾಕಿ ಇದೆ. ಅದನ್ನು ಮುಗಿಸುವಷ್ಟರಲ್ಲಿ ಎ ಒಂದಿಷ್ಟು ಜಾರಿರುತ್ತದೆ. ಬೇಸಿಗೆಯ ಸಂಜೆ ಬೀದಿಯ ವೋಲ್ಟೇಜು 210ಕ್ಕಿಂತ ಕೆಳಗಿಳಿದರೆ ಸ್ಕೋಪಿನ ರೆಗ್ಯುಲೇಟರುಗಳು ಕೈಚೆಲ್ಲುತ್ತವೆ, ಗೆರೆ ದಪ್ಪಗಾಗಿ ಗುಂಯ್‌ಗುಡುತ್ತದೆ. ಆ ಹೊತ್ತಿನಲ್ಲಿ ವ್ರತ ಹಿಡಿಯಬೇಡಿ.

ಭಾಗ 5: ಎರಡು ಗೆರೆ

ಚಿತ್ರನಳಿಗೆಯಲ್ಲಿ ಇರುವುದು ಒಂದೇ ಕಿರಣ. ಅದರಿಂದ ಎರಡು ಗೆರೆ ಬರೆಸುವುದು ಸಿಎಯ ಚಮತ್ಕಾರ. ಒಬ್ಬನೇ ಸಪ್ಲೈಯರ್ ಇರುವ ಹೋಟೆಲು ಎಂದುಕೊಳ್ಳಿ. ಆಲ್ಟರ್ನೇಟ್ ಸ್ಥಾನದಲ್ಲಿ ಅವನು ಮೊದಲ ಟೇಬಲ್ಲಿಗೆ ಇಡ್ಲಿಯಿಂದ ಕಾಫಿಯವರೆಗೆ ಪೂರ್ತಿ ಬಡಿಸಿ, ಆಮೇಲೆ ಎರಡನೆಯದಕ್ಕೆ ಹೋಗುತ್ತಾನೆ. ಚಾಪ್ಡ್ ಸ್ಥಾನದಲ್ಲಿ ಇಲ್ಲೊಂದು ತುತ್ತು, ಅಲ್ಲೊಂದು ತುತ್ತು, ಸೆಕೆಂಡಿಗೆ ಲಕ್ಷ ಸಲದ ಲೆಕ್ಕದಲ್ಲಿ. ನಿಧಾನದ ಸಂಕೇತಕ್ಕೆ ಚಾಪ್ಡ್, ವೇಗದ್ದಕ್ಕೆ ಆಲ್ಟರ್ನೇಟ್. ವೇಗದ್ದಕ್ಕೆ ಚಾಪ್ಡ್ ಹಾಕಿದರೆ ಗೆರೆಯ ಬದಲು ರಂಗೋಲಿಯ ಚುಕ್ಕಿಗಳು ಕಾಣುತ್ತವೆ.

ಆಲ್ಟರ್ನೇಟ್‌ನಲ್ಲಿ ಒಂದು ಮೋಸವಿದೆ. ಪ್ರತಿ ಗೆರೆಯೂ ತನ್ನ ಸಂಕೇತದಿಂದಲೇ ಟ್ರಿಗರ್ ಆದರೆ, ಅಂದರೆ ಓಟ ಶುರುಮಾಡುವ ಸನ್ನೆ ಪಡೆದರೆ, ಎರಡೂ ಒಂದೇ ಕ್ಷಣಕ್ಕೆ ಶುರುವಾದಂತೆ ಪರದೆಯ ಮೇಲೆ ಅಣ್ಣತಮ್ಮಂದಿರ ಹಾಗೆ ನಿಲ್ಲುತ್ತವೆ. ನಿಜದಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟೋ ತಡವಾಗಿ ಬಂದಿರಬಹುದು. ಹೊರಗಿನಿಂದ ಒಂದೇ ಟ್ರಿಗರ್ ಕೊಡಿ, ಆಗ ಬಣ್ಣ ಬಯಲಾಗುತ್ತದೆ.

ಭಾಗ 6: ವಾಲ್ವುಗಳನ್ನು ಮುಟ್ಟುವ ಚಟ

ಹೊಸದಾಗಿ ಪ್ಲಗ್-ಇನ್ ತಂದವರು ಮೊದಲು ಮಾಡುವ ಕೆಲಸವೆಂದರೆ ಎಲ್ಲ ವಾಲ್ವು ಕಿತ್ತು ಟೇಬಲ್ಲಿನ ಮೇಲೆ ಸಾಲಾಗಿ ಇಡುವುದು. ಬೇಡ. ಟೆಕ್ಟ್ರಾನಿಕ್ಸಿನ ಹಳೆಯ ಕೈಪಿಡಿಗಳೇ ಹೇಳುತ್ತವೆ: ವಾಲ್ವು ಟೆಸ್ಟರನ್ನು ನಂಬಬೇಡಿ, ಸರ್ಕ್ಯೂಟಿನಲ್ಲಿ ಕೆಲಸ ಮಾಡುತ್ತಿದ್ದರೆ ಅದು ಒಳ್ಳೆಯ ವಾಲ್ವು, ತೆಗೆದು ನೋಡಿದ್ದನ್ನು ಅದರ ಸಾಕೆಟ್ಟಿಗೇ ಮರಳಿಸಿ. ಇಷ್ಟು ವರ್ಷ ಒಗ್ಗಿಕೊಂಡ ಜೋಡಿಯನ್ನು ನೀವು ಅದಲುಬದಲು ಮಾಡಿದರೆ ಭಾಗ 4 ಮತ್ತೆ ಮೊದಲಿನಿಂದ.

ಒಂದು ಸಂಜೆ ಎಲ್ಲವೂ ಒಟ್ಟಿಗೆ ಕತ್ತಲಾದರೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ನೆನಪಿಸಿಕೊಳ್ಳಿ. ಗುಂಯ್ ಸದ್ದು ಹೊಗದಿರಲೆಂದು ಪ್ಲಗ್-ಇನ್‌ನಲ್ಲಿ ವಾಲ್ವು ಕಾಯಿಸುವ ಹೀಟರುಗಳಿಗೆ ಎಸಿಯ ಬದಲು 75 ವೋಲ್ಟು ಡಿಸಿ ಕೊಟ್ಟು, ಒಂದರ ಹಿಂದೊಂದು ಸರಪಳಿ ಕಟ್ಟಿದ್ದಾರೆ. ಈ ಕುಟುಂಬದಲ್ಲಿ ಎಲ್ಲೆಲ್ಲೂ ಕಾಣುವ 12ಎಯು6 ವಾಲ್ವಿನ ಹೀಟರು 12.6 ವೋಲ್ಟಿನದು, ಅಂಥವು ಆರು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಒಂದರ ತಂತಿ ಹರಿದರೆ ಸಾಲೇ ಆರುತ್ತದೆ. ಪೆಂಡಾಲಿನಲ್ಲಿ ಮಾಡಿದಂತೆ ಒಂದೊಂದನ್ನೇ ಪರೀಕ್ಷಿಸಿ.

ಬದಲಿ ವಾಲ್ವಿಗೆ ಅಲೆದಾಟ ಇದ್ದದ್ದೇ. ಜಾಲಹಳ್ಳಿಯ ಬಿಇಎಲ್ 1961ರಿಂದ ರಿಸೀವಿಂಗ್ ವಾಲ್ವುಗಳನ್ನು ತಯಾರಿಸಿತು, ಗುಜರಿ ಡಬ್ಬಗಳಲ್ಲಿ ಅವು ಇನ್ನೂ ಸಿಗುತ್ತವೆ, ಆದರೆ ಅವು ಬಹುಪಾಲು ರೇಡಿಯೋ ಮನೆತನದವು. ಅಂಗಡಿಯವ "ಎಲ್ಲಾ ಒಂದೇ ಸಾರ್, ಒಂಬತ್ತು ಕಾಲು" ಎನ್ನುತ್ತಾನೆ. 12ಎಯು6ಕ್ಕೆ ಏಳೇ ಕಾಲು.

ಭಾಗ 7: ಬೆಸುಗೆ

ಮುಚ್ಚಳ ತೆಗೆದವರು ಮೊದಲು ಸುಮ್ಮನೆ ನೋಡುತ್ತಾರೆ. ಪ್ರಿಂಟೆಡ್ ಬೋರ್ಡಿಲ್ಲ. ಬಿಳಿ ಪಿಂಗಾಣಿಯ ಪಟ್ಟಿಗಳು, ಬಾಚಣಿಗೆಯ ಹಾಗೆ ಮೇಲೆ ಕಚ್ಚುಗಳು. ಒಂದೊಂದು ಕಚ್ಚಿನ ಒಳಗೂ ಬೆಳ್ಳಿಯ ಲೇಪ. ಎರಡು ಪಟ್ಟಿಗಳ ನಡುವೆ ರೆಸಿಸ್ಟರುಗಳು, ಕಂಡೆನ್ಸರುಗಳು ಏಣಿಯ ಮೆಟ್ಟಿಲಿನಂತೆ ಅಂತರ ತಪ್ಪದೆ ಮಲಗಿವೆ. ಬಣ್ಣದ ಗೀಟುಳ್ಳ ತಂತಿಗಳು ಮೂಲೆಯಲ್ಲಿ ಒಟ್ಟಿಗೆ ಬಾಗಿವೆ. ಇದನ್ನು ಕೈಯಲ್ಲಿ ಮಾಡಿದ್ದಾರೆ.

ನನ್ನ ಸಿಎಯಲ್ಲಿ ಒಂದು ರೆಸಿಸ್ಟರಿನ ಓಮು ಹೆಚ್ಚು ಕಡಿಮೆ ಎರಡರಷ್ಟಕ್ಕೆ ಏರಿತ್ತು. ಬದಲಿಸುವುದು ಹತ್ತು ನಿಮಿಷದ ಕೆಲಸ ಎಂದುಕೊಂಡು, ಮನೆಯಲ್ಲಿದ್ದ ಸಾಮಾನ್ಯ ಸೋಲ್ಡರ್ ಲೆಡ್ಡು ತೆಗೆದುಕೊಂಡೆ. ಮೊದಲ ಸಲ ಕೂತಿತು. ಓರೆಯಾಗಿ ಕಂಡಿತೆಂದು ಮತ್ತೆ ಕಾಯಿಸಿದೆ. ಇನ್ನೂ ಚಂದ ಮಾಡೋಣವೆಂದು ಮೂರನೇ ಸಲ ಕಾಯಿಸಿದೆ. ಆಗ ಬೆಸುಗೆ ಕಚ್ಚಿನಿಂದ ಬಿಟ್ಟುಕೊಂಡು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ಉರುಳಿ ಕೆಳಗೆ ಬಿತ್ತು. ಕಚ್ಚಿನೊಳಗೆ ಬೆಳ್ಳಿ ಇರಲಿಲ್ಲ, ಬರಿ ಪಿಂಗಾಣಿ. ತವರ ಕರಗಿದಾಗ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಕಾಫಿ ಸಕ್ಕರೆಯನ್ನು ಎಳೆದುಕೊಂಡಂತೆ. ಅದಕ್ಕೇ ಇಲ್ಲಿ ಮೊದಲೇ ಮೂರು ಶೇಕಡಾ ಬೆಳ್ಳಿ ಬೆರೆಸಿದ ಬೆಸುಗೆ ಬಳಸಬೇಕು. ಸಕ್ಕರೆ ಹಾಕಿದ ಕಾಫಿಗೆ ಮತ್ತೆ ಸಕ್ಕರೆಯ ಆಸೆ ಕಡಿಮೆ.

ಆ ಬೆಸುಗೆ ಎಲ್ಲಿ ತರುವುದು ಎಂದು ಎರಡು ವಾರ ಅಲೆದೆ. ಆಮೇಲೊಂದು ದಿನ ಫ್ಯಾನಿನ ಧೂಳು ಒರೆಸಲು ಸ್ಕೋಪಿನ ನೀಲಿ ಬದಿಹಲಗೆ ಬಿಚ್ಚಿದಾಗ, ಒಳಗೋಡೆಯಲ್ಲಿ ಒಂದು ಪುಟ್ಟ ರೀಲು ಕಂಡಿತು. ಬೆಳ್ಳಿ ಬೆಸುಗೆಯ ತಂತಿ. ಕಾರ್ಖಾನೆಯವರೇ ಸುತ್ತಿ ಇಟ್ಟದ್ದು, ಸ್ಕೋಪಿನ ಜೊತೆಗೇ, ಎಂದೋ ಒಂದು ದಿನ ಯಾರೋ ಇದನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ ಎಂದು ಲೆಕ್ಕ ಹಾಕಿ. ನಾನು ಅದನ್ನು ಎದುರಿಗೇ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ರೀಲು ತುಂಬಿರಲಿಲ್ಲ. ನನಗಿಂತ ಮೊದಲು ಯಾರೋ ಬಳಸಿದ್ದರು. ಬೆಳಕು ಹಿಡಿದು ನೋಡಿದರೆ ಅವರ ಕೈಗುರುತೂ ಸಿಕ್ಕಿತು: ಸ್ಕೋಪಿನ ಒಳಗಿನ ಒಂದು ಪಿಂಗಾಣಿ ಪಟ್ಟಿಯಲ್ಲಿ ಎರಡು ಕಚ್ಚುಗಳ ಫ್ಲಕ್ಸು ಉಳಿದವಕ್ಕಿಂತ ತುಸು ಕಂದು. ಬೆಸುಗೆ ಮಟ್ಟಸವಾಗಿತ್ತು. ಆ ಕಾಲೇಜಿನ ಯಾರೋ ಟೆಕ್ನೀಷಿಯನ್ ಇರಬೇಕು, ಕೆಂಪು ಷರಾ ಬೀಳುವ ಮೊದಲಿನವರು. ಅವರು ಕೈಪಿಡಿ ಓದಿದ್ದರು.

ಭಾಗ 8: ಅಭ್ಯಂಜನ

ಸ್ಕೋಪನ್ನು ನೀರಿನಲ್ಲಿ ತೊಳೆಯಬಹುದು. ತಮಾಷೆಯಲ್ಲ, ಟೆಕ್ಟ್ರಾನಿಕ್ಸಿನ ಸರ್ವಿಸ್ ಕೇಂದ್ರಗಳಲ್ಲೇ ಸೋಪುನೀರು ಹಾಯಿಸಿ ತೊಳೆದು, ಬಿಸಿ ಒಲೆಯಲ್ಲಿ ಒಣಗಿಸುತ್ತಿದ್ದರು. ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ. ಎಣ್ಣೆ, ಸೀಗೆಪುಡಿ ಬೇಡ. ಪೂರ್ತಿ ಒಣಗುವವರೆಗೆ ಸ್ವಿಚ್ಚಿನ ಕಡೆ ಕೈ ಹೋಗಬಾರದು. ಮಳೆಗಾಲದಲ್ಲಿ ಯೋಚನೆಯನ್ನೇ ಮಾಡಬೇಡಿ. ಮಹಡಿಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಗಲು ಇಟ್ಟಿದ್ದನ್ನು ಕಂಡು ಎದುರುಮನೆಯವರು "ಬಾಂಬಾ?" ಎಂದು ಕೇಳಿದರೆ ರೇಡಿಯೋ ಎನ್ನಿ. ಫಾರಿನ್ದು.

ಭಾಗ 9: ಬದಲಿ ಮಾದರಿ

1969ರಲ್ಲಿ ಇದೇ ಕಂಪನಿಯ 7000 ಸರಣಿ ಬಂತು. ಟ್ರಾನ್ಸಿಸ್ಟರು, ಐಸಿ, ಕೈಗೆ ಹಗುರಾದ ಪ್ಲಗ್-ಇನ್. ಎಲ್ಲದರಲ್ಲೂ ಮೇಲು. ಬೆಕ್ಕಿಗೆ ಅಷ್ಟೊಂದು ಹಿಡಿಸಲಿಕ್ಕಿಲ್ಲ.

ಬಿಡಿಭಾಗಗಳು

ಪ್ಲಗ್-ಇನ್, ಸಿಎ: 1. ವಾಲ್ವುಗಳು: ಎಲ್ಲ, ಅವವುಗಳ ಸಾಕೆಟ್ಟಿನಲ್ಲಿ. ಹಾಳಾದ ಕಚ್ಚು: 1, ಪಕ್ಕದ ಕಚ್ಚಿಗೆ ತಂತಿ ಎಳೆದು ಸರಿಪಡಿಸಲಾಗಿದೆ, ಓರೆಯಾಗಿದೆ, ಹಾಗೇ ಬಿಟ್ಟಿದೆ. ಬೆಳ್ಳಿ ಬೆಸುಗೆ: ರೀಲು 1, ಉಳಿದಿರುವುದು ಎರಡು ಗೇಣು. ಒಂದು ಗೇಣನ್ನು ಮುಂದೆ ಬಿಚ್ಚುವವರಿಗೆ ಬಿಡತಕ್ಕದ್ದು.